ಅಡ್ಡಗಾಳಿಯಲ್ಲಿ ಸಣ್ಣ ವಿಮಾನ ಇಳಿಸುವಾಗ

ಸೆಸ್ನಾ 172ರ ಕೈಪಿಡಿಯಲ್ಲಿರುವ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಅಡ್ಡಗಾಳಿ ವಿಮಾನದ ಮಿತಿಯಲ್ಲ, ಪರೀಕ್ಷೆಯಲ್ಲಿ ತೋರಿಸಿದ ಅಂಕಿ ಅಷ್ಟೇ. ಪೈಲಟ್‌ನ ಮಿತಿ ಬಹುತೇಕ ಅದಕ್ಕಿಂತ ಕಡಿಮೆ.

ಲೆಕ್ಕ ಸುಲಭ. ಗಾಳಿಗೂ ರನ್‌ವೇಗೂ 30 ಡಿಗ್ರಿ ಕೋನವಿದ್ದರೆ ಗಾಳಿವೇಗದ ಅರ್ಧ ಅಡ್ಡಕ್ಕೆ ಬೀಸುತ್ತದೆ. 45 ಡಿಗ್ರಿಗೆ ಶೇ 70, 60 ದಾಟಿದರೆ ಪೂರ್ತಿ ಎಂದೇ ಹಿಡಿಯಿರಿ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಗಸ್ಟ್‌ನ, ಅಂದರೆ ಥಟ್ಟನೆ ಬೀಸುವ ಜೋರು ಗಾಳಿಯ, ವೇಗ. 18 ನಾಟ್ ಗಾಳಿ 28ಕ್ಕೆ ಏರುತ್ತಿದ್ದರೆ ವ್ಯತ್ಯಾಸ 10. ಅದರ ಅರ್ಧ, ಅಂದರೆ 5 ನಾಟ್ ಅಪ್ರೋಚ್ ವೇಗಕ್ಕೆ (ಇಳಿಯಲು ಬರುವಾಗಿನ ವೇಗಕ್ಕೆ) ಸೇರಿಸಿ. ಫ್ಲಾಪ್ (ರೆಕ್ಕೆಯ ಹಿಂದೆ ಕೆಳಗಿಳಿಸುವ ಫಲಕ) ಕಡಿಮೆ ಇಟ್ಟರೆ ನಿಯಂತ್ರಣ ಹಗುರ, ಆದರೆ ರನ್‌ವೇ ಹೆಚ್ಚು ಬೇಕು.

ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರ ಬರುವ ಕೊನೆಯ ಹಂತದಲ್ಲಿ, ಮೂಗನ್ನು ಗಾಳಿಯತ್ತ ತಿರುಗಿಸಿ ಏಡಿಯಂತೆ ಬನ್ನಿ. ನೆಲ ಹತ್ತಿರವಾದಾಗ ರಡ್ಡರ್‌ನಿಂದ (ಕಾಲಿನ ಪೆಡಲ್‌ನಿಂದ ತಿರುಗುವ ಬಾಲದ ಫಲಕ) ಮೂಗನ್ನು ಮಧ್ಯರೇಖೆಗೆ ನೇರ ಮಾಡಿ, ಏಲರಾನ್‌ನಿಂದ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆ ತುದಿಯ ಫಲಕ) ಗಾಳಿ ಬದಿಯ ರೆಕ್ಕೆ ತಗ್ಗಿಸಿ. ಆ ಬದಿಯ ಚಕ್ರ ಮೊದಲು ತಾಗಬೇಕು. ಒಂದೇ ಚಕ್ರದ ಮೇಲೆ ಇಳಿಯುವುದು ವಿಚಿತ್ರವೆನಿಸುತ್ತದೆ, ಸರಿ; ಆದರೆ ಓರೆಯಾಗಿಯೇ ತಾಗಿದರೆ ಪಕ್ಕದ ಒತ್ತಡವೆಲ್ಲ ಲ್ಯಾಂಡಿಂಗ್ ಗೇರ್ ಮೇಲೆ. ರಡ್ಡರ್ ಪೂರ್ತಿ ಒತ್ತಿಯೂ ಮೂಗು ನೇರವಾಗದಿದ್ದರೆ ಗಾಳಿ ಗೆದ್ದಿದೆ: ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರಿ.

ಅನೇಕರು ಎಡವುವುದು ಇಳಿದ ಮೇಲೆ. ಚಕ್ರ ತಾಗಿತೆಂದು ಏಲರಾನ್ ಸಡಿಲಿಸಿದರೆ ಮುಂದಿನ ಗಸ್ಟ್ ರೆಕ್ಕೆಯನ್ನು ಎತ್ತುತ್ತದೆ. ವೇಗ ಇಳಿದಂತೆ ಏಲರಾನ್‌ನ ಬಲ ಕುಗ್ಗುತ್ತದೆ, ಹಾಗಾಗಿ ಯೋಕನ್ನು (ಕೈಯಲ್ಲಿ ಹಿಡಿಯುವ ಚಾಲನಾ ಚಕ್ರ) ಗಾಳಿಯತ್ತ ಇನ್ನಷ್ಟು ತಿರುಗಿಸುತ್ತ ಕೊನೆಗೆ ಪೂರ್ತಿ ತಿರುಗಿಸಿರಬೇಕು. ಟ್ಯಾಕ್ಸಿಯಲ್ಲಿ, ಅಂದರೆ ನೆಲದ ಮೇಲೆ ವಿಮಾನ ಓಡಿಸುವಾಗ, ಗಾಳಿ ಹಿಂದಿನಿಂದ ಓರೆಯಾಗಿ ಬಂದರೆ ಉಲ್ಟಾ: ಯೋಕ್ ಮುಂದಕ್ಕೆ, ಗಾಳಿಯಿಂದ ಆಚೆಗೆ.