ಪ್ರೆಸಿಡಿಯೋದ ಗುಬ್ಬಿ ಹಾಡು

14 ಏಪ್ರಿಲ್ 2024, ಭಾನುವಾರ
ಸ್ಯಾನ್ ಫ್ರಾನ್ಸಿಸ್ಕೋ

ಬೆಳಿಗ್ಗೆ ಗೆಳತಿಯ ಜೊತೆ ಇಲ್ಲಿನ ಪ್ರೆಸಿಡಿಯೋ ಪಾರ್ಕ್ ಕಡೆ ವಾಕಿಂಗ್ ಹೋಗಿದ್ದೆ. ಗೋಲ್ಡನ್ ಗೇಟ್ ಸೇತುವೆ ಹತ್ತಿರ, ದಾರಿ ಪಕ್ಕದ ಪೊದೆಯ ತುದಿಯಲ್ಲಿ ಒಂದು ವೈಟ್ ಕ್ರೌನ್ಡ್ ಸ್ಪ್ಯಾರೋ ಕೂತಿತ್ತು. ನಮ್ಮ ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು, ತಲೆ ಮೇಲೆ ಕಪ್ಪು ಬಿಳಿ ಪಟ್ಟೆ. ತಲೆ ಹಿಂದಕ್ಕೆ ವಾಲಿಸಿ, ಕೊಕ್ಕು ಅಗಲಿಸಿ ಹಾಡುತ್ತಿತ್ತು. ಮೊದಲು ಉದ್ದನೆಯ ಒಂದು ಸಿಳ್ಳೆ, ಆಮೇಲೆ ಪಟಪಟನೆ ಉದುರುವ ಪುಟ್ಟ ಸ್ವರಗಳು. ಗಂಟಲಿನ ಪುಕ್ಕ ನಡುಗುವುದೂ ಕಾಣುತ್ತಿತ್ತು. ಹಿಂದುಗಡೆ ಗಾಡಿಗಳ ಮೊರೆತ ಮಾತ್ರ ಒಂದು ಕ್ಷಣವೂ ನಿಲ್ಲಲಿಲ್ಲ.

ಈ ಹಕ್ಕಿ ಸುಮ್ನೆ ಹಾಡುವುದಿಲ್ಲ. 'ಇದು ನನ್ನ ಜಾಗ' ಅಂತ ಬೇರೆ ಗಂಡುಗಳಿಗೆ ಎಚ್ಚರಿಕೆ, ಹೆಣ್ಣಿಗೆ ಕರೆ. ಮರಿಗಳು ಹುಟ್ಟಿದ ಮೊದಲ ಕೆಲವು ತಿಂಗಳಲ್ಲೇ ಸುತ್ತಲಿನ ದೊಡ್ಡವುಗಳ ಹಾಡು ಕೇಳಿ ಕಲಿಯುತ್ತವೆ. ಅದಕ್ಕೇ ಒಂದೊಂದು ಜಾಗದ ಹಕ್ಕಿಗೂ ಒಂದೊಂದು ಧಾಟಿ. 1969ರಲ್ಲಿ ಪಕ್ಷಿತಜ್ಞ ಲೂಯಿಸ್ ಬ್ಯಾಪ್ಟಿಸ್ಟಾ ಇಲ್ಲಿನ ಹಾಡುಗಳನ್ನು ರೆಕಾರ್ಡ್ ಮಾಡಿಟ್ಟಿದ್ದರು. ದಶಕಗಳ ನಂತರ ಹೋಲಿಸಿ ನೋಡಿದರೆ, ಹಾಡಿನ ಕೆಳಗಿನ ಸ್ವರಗಳು ಮೇಲಕ್ಕೆ ಸರಿದಿದ್ದವು. ಟ್ರಾಫಿಕ್ ಸದ್ದು ಜಾಸ್ತಿ ಇರುವುದು ಕೆಳಸ್ವರದಲ್ಲೇ ಅಲ್ವಾ? ಅದರಡಿ ಮುಚ್ಚಿಹೋದ ಸ್ವರವನ್ನು ಮರಿ ಕಲಿಯುವುದಾದರೂ ಹೇಗೆ?

"ಪರವಾಗಿಲ್ಲ ಕಣೆ, ಎಷ್ಟು ಚೆನ್ನಾಗಿ ಹೊಂದಿಕೊಂಡಿವೆ!" ಅಂದಳು ಗೆಳತಿ. ನನಗೆ ಒಪ್ಪಲಾಗಲಿಲ್ಲ. ಮದುವೆ ಮನೆಯಲ್ಲಿ ವಾಲಗದ ಪಕ್ಕ ಕೂತವರೂ ಕೂಗಿ ಕೂಗಿ ಮಾತಾಡುತ್ತಾರೆ. ಮಾತೇನೋ ನಡೆಯುತ್ತದೆ, ಅರ್ಧ ಕಿವಿಗೇ ಬೀಳುವುದಿಲ್ಲ.

ಅವಳಿಗೆ 2020ರ ಲಾಕ್‌ಡೌನ್ ಕಥೆ ಹೇಳಿದೆ. ಆಗ ಸೇತುವೆ ಮೇಲಿನ ಗಾಡಿಗಳ ಓಡಾಟ 1954ರ ಮಟ್ಟಕ್ಕೆ ಇಳಿದಿತ್ತು. ವಿಜ್ಞಾನಿ ಎಲಿಜಬೆತ್ ಡೆರಿಬೆರಿ ಮತ್ತು ಅವರ ತಂಡ ಈ ಹಕ್ಕಿಗಳ ಹಾಡನ್ನು ಹಳೆಯ ರೆಕಾರ್ಡಿಂಗ್‌ಗಳ ಜೊತೆ ಹೋಲಿಸಿದರು. ಹಕ್ಕಿಗಳು ದನಿ ತಗ್ಗಿಸಿದ್ದವು. ಮೆಲ್ಲಗೆ ಹಾಡಿದರೂ ಹಾಡು ಮೊದಲಿಗಿಂತ ಎರಡರಷ್ಟು ದೂರ ಕೇಳುವಂತಿತ್ತು. ಕೆಳಗಿನ ಸ್ವರಗಳು ವಾಪಸ್ ಬಂದಿದ್ದವು, ಕೆಳಸ್ವರದಿಂದ ಮೇಲುಸ್ವರದವರೆಗಿನ ಹಾಡಿನ ಹರವು ಹೆಚ್ಚಿತ್ತು. ಎದುರಾಳಿ ಗಂಡುಗಳು ಜಾಸ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಇಂಥ ಹಾಡನ್ನೇ. ಕೆಲವೇ ವಾರಗಳಲ್ಲಿ ಇಷ್ಟು ಬದಲಾವಣೆ! ಚೆನ್ನಾಗಿ ಹಾಡುವ ಶಕ್ತಿ ಅವಕ್ಕೆ ಇದ್ದೇ ಇತ್ತು. ನಾವು ಜಾಗ ಬಿಟ್ಟಿರಲಿಲ್ಲ ಅಷ್ಟೇ. ಇದನ್ನು ನೆನೆಸಿಕೊಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮುಂದಿನ ವಾರ ಉತ್ತರದ ಕಡಲತೀರದ ಪಾಯಿಂಟ್ ರೇಯಸ್‌ಗೆ ಹೋಗೋಣ ಅಂತ ಮಾತಾಗಿದೆ. ಅಲ್ಲೂ ಇದೇ ಹಕ್ಕಿ, ಧಾಟಿ ಬೇರೆ, ಗಾಡಿ ಕಡಿಮೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಇವತ್ತಿನದರ ಜೊತೆ ಇಟ್ಟು ಕೇಳಬೇಕು.