ನಾಟಿಂಗ್‌ಹ್ಯಾಮ್‌ಗೆ ಹೋದರೆ ನಾಟ್ಸ್ ಕೌಂಟಿ ಫುಟ್‌ಬಾಲ್ ಮ್ಯಾಚ್ ನೋಡಿ ಬನ್ನಿ

ಇಂಗ್ಲೆಂಡಿಗೆ ಹೋಗುವ ನಮ್ಮ ಫುಟ್‌ಬಾಲ್ ಹುಚ್ಚರೆಲ್ಲ ಮ್ಯಾಂಚೆಸ್ಟರ್, ಲಿವರ್‌ಪೂಲ್ ಅಂತ ಓಡುತ್ತಾರೆ. ಹಳೇ ಕಾಲದ ಫುಟ್‌ಬಾಲ್ ಬೇಕಾದವರು ನಾಟಿಂಗ್‌ಹ್ಯಾಮ್ ರೈಲು ಹತ್ತಿ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ಎರಡು ಗಂಟೆಯೂ ಬೇಡ. ಟಿಕೆಟ್ ಮಾತ್ರ ಮುಂಚೆಯೇ ತೆಗೆದಿಡಿ. ಹೊರಡುವ ದಿನ ಕೊಂಡರೆ ಜೇಬಿಗೆ ಕತ್ತರಿ.

ಇಲ್ಲಿನ ನಾಟ್ಸ್ ಕೌಂಟಿ ಹುಟ್ಟಿದ್ದು 1862ರಲ್ಲಿ. ಪ್ರಪಂಚದ ವೃತ್ತಿಪರ ಕ್ಲಬ್‌ಗಳಲ್ಲಿ ಇದೇ ಹಿರಿಯಣ್ಣ. 1888ರಲ್ಲಿ ಫುಟ್‌ಬಾಲ್ ಲೀಗ್ ಶುರು ಮಾಡಿದ 12 ಕ್ಲಬ್‌ಗಳಲ್ಲಿ ಇದೂ ಒಂದು. ಹಾಗಂತ ಕಪ್‌ಗಳ ರಾಶಿ ಬಿದ್ದಿದೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಸಿಕ್ಕಿದ್ದು ಒಂದೇ ಸಲ, 1894ರಲ್ಲಿ, ಬೋಲ್ಟನ್ ವಿರುದ್ಧ 4-1ರಿಂದ. 2019ರಲ್ಲಿ ಲೀಗ್‌ನಿಂದಲೇ ಹೊರಬಿದ್ದು, 2023ರಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಪೆನಾಲ್ಟಿ ಶೂಟೌಟ್ ಗೆದ್ದು ವಾಪಸ್ ಬಂತು.

ಸ್ಟೇಷನ್‌ನಿಂದ ಮೆಡೋ ಲೇನ್ ಮೈದಾನಕ್ಕೆ ಕಾಲು ಗಂಟೆಯ ನಡಿಗೆ, ಟ್ಯಾಕ್ಸಿ ಸುಮ್ನೆ ದಂಡ. ಹೊರಗೆ ಬೆಂಚಿನ ಮೇಲೆ ಕೂತ ಇಬ್ಬರು ಹಿರಿಯರ ಪ್ರತಿಮೆ ಕಾಣುತ್ತದೆ. ಒಬ್ಬರು ಮ್ಯಾನೇಜರ್ ಜಿಮ್ಮಿ ಸಿರೆಲ್, ಇನ್ನೊಬ್ಬರು ಅವರ ಜೊತೆಗಾರ ಜ್ಯಾಕ್ ವೀಲರ್. ನಾಲ್ಕನೇ ಡಿವಿಷನ್‌ನಲ್ಲಿದ್ದ ತಂಡವನ್ನು 1981ರಲ್ಲಿ ಮೊದಲನೆಯದಕ್ಕೆ ಏರಿಸಿದ್ದು ಸಿರೆಲ್. ದೊಡ್ಡ ಕ್ಲಬ್‌ನ ಮ್ಯಾಚ್‌ಗೆ ಟಿಕೆಟ್ ಸಿಗೋದೇ ಕಷ್ಟ ಅಲ್ವಾ? ಇಲ್ಲಿ ಹೆಚ್ಚಿನ ಶನಿವಾರ ಸಲೀಸು, ಬೆಲೆಯೂ ಕಡಿಮೆ. ಆದರೂ ಕ್ಲಬ್‌ನ ವೆಬ್‌ಸೈಟಿನಲ್ಲಿ ದಿನಾಂಕ ನೋಡಿಕೊಂಡೇ ಹೊರಡಿ. ಮ್ಯಾಚ್ ಇಲ್ಲದ ದಿನ ಬಂದು ಮುಚ್ಚಿದ ಗೇಟು ನೋಡಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

ಆಟಗಾರರ ಕಪ್ಪು-ಬಿಳಿ ಪಟ್ಟೆ ನೋಡಿದರೆ ಇಟಲಿಯ ಟ್ಯೂರಿನ್ ನಗರದ ಕ್ಲಬ್ ಯುವೆಂಟಸ್ ನೆನಪಾಗುತ್ತದೆ. ಅಸಲಿಗೆ ಅವರೇ ಇವರಿಂದ ಪಡೆದಿದ್ದು. ಯುವೆಂಟಸ್‌ನವರು ಮೊದಲು ತೊಡುತ್ತಿದ್ದದ್ದು ಗುಲಾಬಿ ಅಂಗಿ. ಅದು ಒಗೆದೂ ಒಗೆದೂ ಬಣ್ಣ ಬಿಟ್ಟಿತ್ತು. 1903ರಲ್ಲಿ ಟ್ಯೂರಿನ್‌ನಲ್ಲಿದ್ದ ಜಾನ್ ಸ್ಯಾವೇಜ್ ಎಂಬ ಇಂಗ್ಲಿಷಿನವನು ನಾಟಿಂಗ್‌ಹ್ಯಾಮ್‌ನಿಂದ ಅಂಗಿ ತರಿಸಿದ. ಬಂದಿದ್ದು ಕೌಂಟಿಯ ಪಟ್ಟೆ. ಆ ಋಣ ಅವರು ಮರೆತಿಲ್ಲ. 2011ರಲ್ಲಿ ತಮ್ಮ ಹೊಸ ಸ್ಟೇಡಿಯಂ ಉದ್ಘಾಟನೆಯ ಪಂದ್ಯಕ್ಕೆ ಕರೆದಿದ್ದು ಕೌಂಟಿಯನ್ನೇ. ಆಟ 1-1 ಡ್ರಾ!

ಕೌಂಟಿ 1910ರಲ್ಲಿ ಮೆಡೋ ಲೇನ್‌ಗೆ ಬರುವ ಮುಂಚೆ ಆಡುತ್ತಿದ್ದದ್ದು ಟ್ರೆಂಟ್ ಬ್ರಿಜ್ ಕ್ರಿಕೆಟ್ ಮೈದಾನದಲ್ಲಿ. ಸೇತುವೆ ದಾಟಿದರೆ ಅದೂ ಸಿಗುತ್ತದೆ, ಊರಿನ ಇನ್ನೊಂದು ಫುಟ್‌ಬಾಲ್ ಕ್ಲಬ್ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಮೈದಾನವೂ ಸಿಗುತ್ತದೆ. 2007ರಲ್ಲಿ ನಮ್ಮ ದ್ರಾವಿಡ್ ನಾಯಕತ್ವದಲ್ಲಿ ಭಾರತ ಟೆಸ್ಟ್ ಗೆದ್ದದ್ದು ಇದೇ ಟ್ರೆಂಟ್ ಬ್ರಿಜ್‌ನಲ್ಲಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗುವವರಿಗೆ ಎರಡು ಆಟವೂ ಸಿಗುವ ಅವಕಾಶ ಜಾಸ್ತಿ. ಛತ್ರಿ ಬೇಡ, ಟೋಪಿಯಿರುವ ಮಳೆ ಜಾಕೆಟ್ ಒಯ್ಯಿರಿ.