ನವೆಂಬರ್‌ನಲ್ಲಿ ಬಂದ ಮ್ಯಾನೇಜರ್, ನವೆಂಬರ್‌ನಲ್ಲೇ ಬಂದ ನಾನು

2022ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಲೂಟನ್ ಊರಿನಲ್ಲಿ ಇಬ್ಬರಿಗೆ ಹೊಸ ಕೆಲಸ ಸಿಕ್ಕಿತು. ಒಬ್ಬರು ರಾಬ್ ಎಡ್ವರ್ಡ್ಸ್, ಲೂಟನ್ ಟೌನ್ ಫುಟ್‌ಬಾಲ್ ಕ್ಲಬ್‌ಗೆ ಮ್ಯಾನೇಜರ್ ಆಗಿ ಬಂದರು. ಇನ್ನೊಬ್ಬ ನಾನು. ಊರಾಚೆಯ ಒಂದು ಗೋದಾಮಿನಲ್ಲಿ ರಾತ್ರಿ ಶಿಫ್ಟ್‌ಗೆ ಸೂಪರ್‌ವೈಸರ್ ಆದೆ. ಅವರ ಸುದ್ದಿ ಪೇಪರಿನಲ್ಲಿ ಬಂತು. ನನ್ನದು ಶಿಫ್ಟಿನ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ಮೂರೇ ಮೂರು ಜನ ಹೆಬ್ಬೆರಳು ಎತ್ತಿದರು.

ನಾನು ದಾವಣಗೆರೆ ಕಡೆಯವನು. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತು, ಅವಳ ಹಿಂದೆ ನಾನು ಬಂದೆ. ಗೋದಾಮಿನಲ್ಲಿ ಪಿಕ್ಕರ್ ಆಗಿ ಶುರು ಮಾಡಿದೆ. ಕೈಯಲ್ಲಿ ಸ್ಕ್ಯಾನರ್ ಹಿಡಿದು ಸಾಲು ಸಾಲು ಅಲೆದು, ಅಂಗಡಿಗಳು ಕೇಳಿದ ಡಬ್ಬಗಳನ್ನು ಗಾಲಿಯ ಕೇಜಿಗೆ ತುಂಬುವ ಕೆಲಸ. ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಗಂಧ ಗಾಳಿ ಇರಲಿಲ್ಲ. ಆದರೆ ಲೂಟನ್‌ನಲ್ಲಿ ಬಾಡಿಗೆಗೆ ಮನೆ ಸಿಕ್ಕಿದ್ದು ಬರಿ ಪಾರ್ಕ್‌ನಲ್ಲಿ, ಕೆನಿಲ್‌ವರ್ತ್ ರೋಡ್ ಮೈದಾನದಿಂದ ಎರಡೇ ಬೀದಿ ಆಚೆ. ಹಾಗಾಗಿ ಫುಟ್‌ಬಾಲ್ ತಾನಾಗಿಯೇ ಕಿಟಕಿಯಿಂದ ಒಳಗೆ ಬಂತು.

ಆ ಮೈದಾನವನ್ನು ಒಮ್ಮೆ ನೋಡಬೇಕು. ಆಗ ಸುಮಾರು 10 ಸಾವಿರ ಜನ ಹಿಡಿಸುತ್ತಿತ್ತು, ಅಷ್ಟೇ. ಸುತ್ತಲೂ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳು. ಎದುರಾಳಿ ತಂಡದ ಅಭಿಮಾನಿಗಳು ಓಕ್ ರೋಡ್ ಎಂಬ ಬೀದಿಯಿಂದ ಒಳಗೆ ಹೋಗಬೇಕು. ಗೇಟು ಇರುವುದು ಮನೆಗಳ ಸಾಲಿನ ಮಧ್ಯದಲ್ಲೇ. ಮೆಟ್ಟಿಲು ಹತ್ತುವಾಗ ಕೆಳಗೆ ಯಾರದೋ ಹಿತ್ತಲು ಕಾಣುತ್ತದೆ, ಅಲ್ಲಿ ಒಣಗಿ ಹಾಕಿದ ಬಟ್ಟೆಯೂ ಕಾಣುತ್ತದೆ. ನಮ್ಮೂರ ವಠಾರದ ಹಿಂಬಾಗಿಲಿಂದ ಸ್ಟೇಡಿಯಂಗೆ ಹೋದ ಹಾಗೆ.

ಕ್ಲಬ್ಬಿನ ಕಥೆಯೂ ಹಾಗೇ ವಿಚಿತ್ರ. ಹುಟ್ಟಿದ್ದು 1885ರಲ್ಲಿ. ಊರಿನ ಹಳೆಯ ಕಸುಬು ಟೋಪಿ ಮಾಡುವುದು, ಅದಕ್ಕೇ ತಂಡಕ್ಕೆ 'ಹ್ಯಾಟರ್ಸ್' ಎಂಬ ಅಡ್ಡಹೆಸರು. 1988ರಲ್ಲಿ ಆರ್ಸೆನಲ್ ತಂಡವನ್ನು 3-2ರಿಂದ ಸೋಲಿಸಿ ಲೀಗ್ ಕಪ್ ಗೆದ್ದರು. 1992ರಲ್ಲಿ ಮೇಲಿನ ದರ್ಜೆಯಿಂದ ಕೆಳಗೆ ಬಿದ್ದರು. ಪ್ರೀಮಿಯರ್ ಲೀಗ್ ಎಂಬ ಹೊಸ, ಎಲ್ಲಕ್ಕಿಂತ ಮೇಲಿನ ದರ್ಜೆ ಶುರುವಾಗಿದ್ದೇ ಅದರ ಮುಂದಿನ ಋತುವಿನಲ್ಲಿ! ಬಸ್ಸು ಹೊರಡುವ ಮುಂಚೆ ಇಳಿಸಿದ ಹಾಗಾಯಿತು. ಆಮೇಲೆ ದುಡ್ಡಿನ ತಾಪತ್ರಯ. 2008-09ರ ಋತು ಶುರುವಾಗುವ ಮೊದಲೇ 30 ಅಂಕ ಕಡಿತದ ಶಿಕ್ಷೆ. ಸೊನ್ನೆಗೆ ಬರುವುದಕ್ಕೇ ಹತ್ತು ಪಂದ್ಯ ಗೆಲ್ಲಬೇಕು. ಸೊನ್ನೆಯೇನೋ ದಾಟಿದರು, ಆದರೆ ಅದು ಸಾಲಲಿಲ್ಲ. ನಾಲ್ಕು ವೃತ್ತಿಪರ ದರ್ಜೆಗಳಿಂದಲೂ ಹೊರಬಿದ್ದು ಐದನೆಯ ದರ್ಜೆಗೆ ಜಾರಿದರು. ಅಲ್ಲಿ ಐದು ವರ್ಷ ಕೊಳೆತು 2014ರಲ್ಲಿ ವಾಪಸ್ ಬಂದರು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ 2019ರಲ್ಲಿ ಚಾಂಪಿಯನ್‌ಶಿಪ್ ದರ್ಜೆ ತಲುಪಿದರು. ಅದರ ಮೇಲೆ ಇರುವುದು ಪ್ರೀಮಿಯರ್ ಲೀಗ್ ಒಂದೇ.

ಇದನ್ನೆಲ್ಲ ನನಗೆ ಹೇಳಿದ್ದು ನಮ್ಮ ಫೋರ್ಕ್‌ಲಿಫ್ಟ್ ಅಜ್ಜ. ಅರವತ್ತು ದಾಟಿದವರು. ಇಲ್ಲಿ ಎಷ್ಟೇ ಹಿರಿಯರಾದರೂ ಹೆಸರು ಹಿಡಿದೇ ಕರೆಯಬೇಕು, ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ. ಮನಸ್ಸಿನಲ್ಲಿ ಅಜ್ಜ ಅಂತಲೇ ಕರೆದುಕೊಳ್ಳುತ್ತೇನೆ. ಅವರು ನನ್ನನ್ನು, ಲಾರಿ ಡ್ರೈವರನ್ನು, ಕೆಟ್ಟು ನಿಂತ ಯಂತ್ರವನ್ನು, ಎಲ್ಲವನ್ನೂ 'ಮೇಟ್', ಅಂದರೆ ಗೆಳೆಯ, ಅನ್ನುತ್ತಾರೆ.

ಈಗ ನನ್ನ ಎಡವಟ್ಟಿನ ವಿಷಯ.

ನನಗಿಂತ ಮುಂಚೆ ಇದ್ದ ಸೂಪರ್‌ವೈಸರ್ ಇನ್ನೂ ದೊಡ್ಡ ಗೋದಾಮಿಗೆ ಹೋದ. ಅದೂ ಎಂಥ ಸಮಯದಲ್ಲಿ? ಕ್ರಿಸ್‌ಮಸ್ ಮುಂಚಿನ ಭರಾಟೆ ಶುರುವಾಗುವಾಗ. ಲಾರಿಗೆ ಮಾಲು ತುಂಬುವ ಬೇ ಪಕ್ಕದ ಗೋಡೆಯ ಮೇಲೆ ಅವನ ಬಿಳಿ ಬೋರ್ಡು ಇತ್ತು. ಯಾರು ಯಾವ ಸಾಲಿನಲ್ಲಿ, ಯಾರ ಬ್ರೇಕ್ ಯಾವಾಗ, ಯಾವ ಟ್ರೇಲರ್ ಯಾವ ಬಾಗಿಲಿಗೆ ಎಂದು ಬರೆದಿತ್ತು. ಬಾಣದ ಗುರುತು, ಸೊನ್ನೆ, ಅರ್ಧ ಅಳಿಸಿದ ಹೆಸರುಗಳು. ನೋಡಿದರೆ ತಲೆಕೆಟ್ಟವನ ಜಾತಕ. ಒಬ್ಬಳಿಗೆ ಯಾವಾಗಲೂ ನಾಲ್ಕನೇ ಸಾಲು. ಇಬ್ಬರಿಗೆ ಯಾವತ್ತೂ ಒಂದೇ ಹೊತ್ತಿಗೆ ಬ್ರೇಕ್ ಇಲ್ಲ. ಪಿಕ್ಕಿಂಗ್‌ನಲ್ಲಿ ಎಲ್ಲರಿಗಿಂತ ನಿಧಾನದ ಹುಡುಗನಿಗೆ ತಪಾಸಣೆ ಟೇಬಲ್ಲು, ಅದು ಆರಾಮದ ಜಾಗ. ಇದು ಪಕ್ಷಪಾತ ಅಲ್ವಾ ಅನ್ನಿಸಿತು.

ಮೊದಲ ರಾತ್ರಿಯೇ ಡಸ್ಟರ್ ಹಿಡಿದು ಪೂರ್ತಿ ಒರೆಸಿದೆ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ. ಮೂರು ದಿನಕ್ಕೊಮ್ಮೆ ಎಲ್ಲರೂ ಸಾಲು ಬದಲಾಯಿಸಬೇಕು, ಬ್ರೇಕ್ ಎಲ್ಲರಿಗೂ ಎರಡೇ ಗುಂಪಿನಲ್ಲಿ. ಎಕ್ಸೆಲ್‌ನಲ್ಲಿ ಬಣ್ಣ ಬಣ್ಣವಾಗಿ ರೋಟಾ, ಅಂದರೆ ಸರದಿ ಪಟ್ಟಿ, ಮಾಡಿ ಪ್ರಿಂಟ್ ಹಾಕಿ ಅಂಟಿಸಿದೆ. ಚೆಂದ ಕಾಣುತ್ತಿತ್ತು.

ವಾರ ಕಳೆಯಿತು. ನಾಲ್ಕನೇ ಸಾಲಿನಲ್ಲಿ ಒಂದೇ ಥರ ಕಾಣುವ ಡಬ್ಬಗಳು. ಒಂದು 400 ಗ್ರಾಂ, ಇನ್ನೊಂದು 450. ಆ ಹೆಂಗಸಿಗೆ ಅದು ಕಣ್ಣು ಮುಚ್ಚಿದರೂ ಗೊತ್ತು, ಹೊಸಬರಿಗೆ ಗೊತ್ತಿಲ್ಲ. ತಪ್ಪು ಮಾಲು ಅಂಗಡಿಗಳಿಗೆ ಹೋಯಿತು. ಬ್ರೇಕ್ ಕೂಡದ ಆ ಇಬ್ಬರಿಗೆ ಹಳೆಯ ಜಗಳವಿತ್ತಂತೆ. ಕ್ಯಾಂಟೀನಿನಲ್ಲಿ ಮೈಕ್ರೋವೇವ್ ಸರದಿಗೆ ಕೈಕೈ ಮಿಲಾಯಿಸುವ ಹಂತಕ್ಕೆ ಬಂದರು. ಆ ನಿಧಾನದ ಹುಡುಗನ ಕಣ್ಣು ಮಾತ್ರ ಭಾರಿ ಚುರುಕು, ಟೇಬಲ್ಲಿನಲ್ಲಿ ಒಂದು ತಪ್ಪನ್ನೂ ದಾಟಿಸುತ್ತಿರಲಿಲ್ಲ. ಅವನನ್ನು ನಾನು ಓಡಾಡಲು ಹಾಕಿದ್ದೆ. ಭಾರಿ ರಿಯಾಯಿತಿ ಮಾರಾಟದ ಬ್ಲ್ಯಾಕ್ ಫ್ರೈಡೇ ರಾತ್ರಿ, ನವೆಂಬರ್ 25, ನಾಲ್ಕೂವರೆಗೆ ಹೊರಡಬೇಕಾದ ಟ್ರೇಲರ್ ಐದೂ ಕಾಲು ದಾಟಿತು. ಬೆಳಿಗ್ಗೆ ಆಫೀಸಿನವರ ಮೇಲ್ ಬಂತು. ಎರಡೇ ಸಾಲು. ಬೈಗುಳ ಇರಲಿಲ್ಲ, ಅದಕ್ಕೇ ಜಾಸ್ತಿ ಉರಿಯಿತು.

ಅಜ್ಜ ನನಗೆ ಬುದ್ಧಿ ಹೇಳಲಿಲ್ಲ. ಅವರು ಹೇಳಿದ್ದು ಫುಟ್‌ಬಾಲ್.

ಡಿಸೆಂಬರ್ ಮೊದಲ ವಾರ. ಕತಾರ್‌ನಲ್ಲಿ ವಿಶ್ವಕಪ್ ನಡೆಯುತ್ತಿದ್ದ ಕಾರಣ ಇಲ್ಲಿ ಲೀಗ್‌ಗೆ ರಜೆ. ಲೂಟನ್‌ನ ಹಳೆಯ ಮ್ಯಾನೇಜರ್ ನೇಥನ್ ಜೋನ್ಸ್ ಪ್ರೀಮಿಯರ್ ಲೀಗ್‌ನ ಸೌತಾಂಪ್ಟನ್‌ಗೆ ಹೋಗಿದ್ದರು. ಹಿಂದಿನ ಋತುವಿನಲ್ಲಿ ಇದೇ ಬಡ ಕ್ಲಬ್ಬನ್ನು ಆರನೇ ಸ್ಥಾನಕ್ಕೆ ತಂದವರು ಅವರು. ಜಾಗಕ್ಕೆ ಬಂದವರು ಎಡ್ವರ್ಡ್ಸ್. ಅವರು ಎಲ್ಲಿಂದ ಬಂದರು ಎನ್ನುವುದೇ ಅಜ್ಜನ ಸಂಕಟ. ವಾಟ್‌ಫರ್ಡ್! ಲೂಟನ್ನಿಗೂ ಪಕ್ಕದ ವಾಟ್‌ಫರ್ಡಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆ ವಾಟ್‌ಫರ್ಡೂ ಎಡ್ವರ್ಡ್ಸ್ ಅವರನ್ನು ಹನ್ನೊಂದು ಪಂದ್ಯಕ್ಕೇ ಮನೆಗೆ ಕಳಿಸಿತ್ತು. ಸಾಲದ್ದಕ್ಕೆ ಅಕ್ಟೋಬರ್‌ನಲ್ಲಿ ಲೂಟನ್ನನ್ನು 4-0ಯಿಂದ ಬಡಿದಿತ್ತು.

"ಶತ್ರುಗಳು ಬೇಡ ಎಂದು ಬಿಸಾಕಿದವನನ್ನು ನಾವು ಎತ್ತಿಕೊಂಡಿದ್ದೇವೆ" ಎಂದರು ಅಜ್ಜ. ಚಹಾ ಗುಟುಕರಿಸಿದರು. "ಆದರೂ ಒಂದು ಹೇಳಲೇಬೇಕು. ಬಂದು ಮೂರು ವಾರ ಆಯಿತು, ಇನ್ನೂ ಏನನ್ನೂ ಮುರಿದಿಲ್ಲ."

ನನ್ನ ಕಡೆ ನೋಡಿದರು. ಇನ್ನೊಂದು ಗುಟುಕು.

ಅವರು ಪಂದ್ಯವೇ ಇಲ್ಲದ ಮೂರು ವಾರದ ಬಗ್ಗೆ ಮಾತಾಡುತ್ತಿದ್ದರು ಎಂದು ಆಮೇಲೆ ಹೊಳೆದು ನಗು ಬಂತು. ಆದರೆ ಮಾತು ನಾಟಿತ್ತು.

ಪ್ಯಾಕಿಂಗ್‌ನಲ್ಲಿ ಒಬ್ಬಾಕೆ ಇದ್ದಾಳೆ, ತನ್ನ ಸಾಲು ನೆನಪಿರುವುದಿಲ್ಲ ಎಂದು ದಿನಾ ಬೋರ್ಡಿನ ಫೋಟೋ ತೆಗೆಯುತ್ತಿದ್ದಳು. ಅವಳ ಫೋನಿನಲ್ಲಿ ಹಳೆಯ ಬೋರ್ಡು ಸಿಕ್ಕಿತು. ಅದನ್ನು ಹಿಡಿದುಕೊಂಡು ಒಬ್ಬೊಬ್ಬರ ಹತ್ತಿರ ಹೋಗಿ, ನಿನಗೆ ಇದು ಯಾಕೆ ಹೀಗೆ ಎಂದು ಕೇಳಿದೆ. ಪ್ರತಿ ಬಾಣಕ್ಕೂ ಒಂದು ಕಾರಣ ಇತ್ತು. ಎಲ್ಲವೂ ಸರಿ ಅಂತಲ್ಲ. ಎರಡು ಕಡೆ ಅವನೂ ಸುಮ್ನೆ ಬರೆದಿದ್ದ. ಒಂದಂತೂ ಕೆಲಸ ಬಿಟ್ಟು ವರ್ಷವಾದವನ ಹೆಸರು. ಆದರೆ ನನಗೆ ಪಕ್ಷಪಾತ ಎಂದು ಕಂಡಿದ್ದು ಅವನು ಮೂರು ವರ್ಷ ನೋಡಿ ನೋಡಿ ಕಲಿತದ್ದು. ನನ್ನ ಬಣ್ಣದ ರೋಟಾ ಕಿತ್ತು ಹಳೆಯದನ್ನೇ ಬರೆದೆ. ಬೇ ಹತ್ತಿರ ಒಂದೇ ಒಂದು ಬದಲಾವಣೆ ಉಳಿಸಿಕೊಂಡೆ. ಖಾಲಿ ಕೇಜುಗಳನ್ನು ಶಿಫ್ಟ್ ಶುರುವಾಗುವ ಮೊದಲೇ ಬಾಗಿಲಿಗೆ ತಂದು ನಿಲ್ಲಿಸುವುದು. ಅದು ನಾನು ಪಿಕ್ಕರ್ ಆಗಿದ್ದಾಗ ನನಗೇ ಬೇಕೆನ್ನಿಸುತ್ತಿದ್ದ ಬದಲಾವಣೆ.

ಅಲ್ಲಿಂದ ನಾನು ಎಡ್ವರ್ಡ್ಸ್ ಅವರನ್ನು ಗಮನಿಸತೊಡಗಿದೆ. ಒಂಥರಾ ಸಹೋದ್ಯೋಗಿಯ ಹಾಗೆ. ಡಿಸೆಂಬರ್ 10ರ ಮೊದಲ ಪಂದ್ಯದಲ್ಲೇ ಮಿಡಲ್ಸ್‌ಬ್ರೋ ಎದುರು 2-1ರಿಂದ ಸೋತರು. ಆಗಲೂ ಆಟದ ಪದ್ಧತಿ ಬದಲಾಗಲಿಲ್ಲ. ಹಿಂದೆ ಮೂವರು ಡಿಫೆಂಡರ್, ಮುಂದೆ ಕಾರ್ಲ್ಟನ್ ಮಾರಿಸ್ ಮತ್ತು ಇಲೈಜಾ ಅಡಬಾಯೊ ಎಂಬ ಇಬ್ಬರು ಗಟ್ಟಿ ಆಳುಗಳು. ಕ್ಲಬ್ಬಿನ ಹಳೆ ಹುಲಿ ಮಿಕ್ ಹಾರ್‌ಫರ್ಡ್ ಕೂಡ ಜೊತೆಗಿದ್ದರು. 1988ರ ಕಪ್ ಗೆದ್ದ ತಂಡದಲ್ಲಿ ಆಡಿದವರು, 30 ಅಂಕ ಕಡಿತದ ವರ್ಷ ಮ್ಯಾನೇಜರ್ ಆಗಿ ಏಟು ತಿಂದವರು. ಜನವರಿಯಲ್ಲಿ ಎಡ್ವರ್ಡ್ಸ್ ಬೇರೆ ಕ್ಲಬ್ಬುಗಳಿಂದ ಇಬ್ಬರನ್ನು ಎರವಲು ತಂದರು. ಆಸ್ಟನ್ ವಿಲ್ಲಾದಿಂದ ಮಾರ್ವೆಲಸ್ ನಕಾಂಬಾ, ಲೀಡ್ಸ್‌ನಿಂದ ಕೋಡಿ ಡ್ರಾಮೆ. ಮೊದಲು ನೋಡಿದರು, ಆಮೇಲೆ ಸೇರಿಸಿದರು. ನಾನು ಮೊದಲ ರಾತ್ರಿಯೇ ಮಾಡಿದ್ದು ಇದರ ಉಲ್ಟಾ.

ನೋಡಿದ್ದನ್ನು ಎಷ್ಟು ನಂಬಬೇಕೋ ಗೊತ್ತಿಲ್ಲ. ಹೊರಗಿನವನಿಗೆ ಕಾಣುವುದು ಮೈದಾನ ಮಾತ್ರ. ಟ್ರೈನಿಂಗ್‌ನಲ್ಲಿ ಅವರು ಏನೆಲ್ಲ ತಿದ್ದಿರಬಹುದು! ಆದರೆ ಫಲ ಕಣ್ಣೆದುರೇ ಇತ್ತು. ಕ್ರಿಸ್‌ಮಸ್ ಮಾರನೇ ದಿನ ಕೆನಿಲ್‌ವರ್ತ್ ರೋಡ್‌ನಲ್ಲಿ ನಾರಿಚ್ ತಂಡವನ್ನು 2-1ರಿಂದ ಸೋಲಿಸಿದರು. ಮರುದಿನ ನಾರಿಚ್‌ನವರು ತಮ್ಮ ಮ್ಯಾನೇಜರನ್ನೇ ತೆಗೆದರು. ಫೆಬ್ರವರಿಯಲ್ಲಿ ಸೌತಾಂಪ್ಟನ್ ಜೋನ್ಸ್ ಅವರನ್ನು ತೆಗೆಯಿತು. ಏಪ್ರಿಲ್ 1ಕ್ಕೆ ವಾಟ್‌ಫರ್ಡ್ ಇಲ್ಲಿಗೆ ಬಂತು, 2-0ಯಿಂದ ಸೋತು ಹೋಯಿತು. ಆ ಸಂಜೆ ನಮ್ಮ ಬೀದಿಯಲ್ಲಿ ನಡೆಯಲು ಜಾಗ ಇರಲಿಲ್ಲ.

ಮಾರ್ಚ್‌ನಲ್ಲಿ ನನಗೆ ಊರಿಗೆ ಹೋಗಬೇಕಾಯಿತು. ಅಪ್ಪನಿಗೆ ಹುಷಾರಿರಲಿಲ್ಲ. ಹತ್ತು ದಿನ ದಾವಣಗೆರೆಯಲ್ಲಿದ್ದೆ. ದಿನಾ ರಾತ್ರಿ ಶಿಫ್ಟಿನಿಂದ ಫೋನ್ ಬರುತ್ತದೆ ಎಂದು ಕಾಯುತ್ತಿದ್ದೆ. ಒಂದೂ ಬರಲಿಲ್ಲ. ವಾಪಸ್ ಬಂದು ನೋಡಿದರೆ ಒಂದು ಟ್ರೇಲರ್ ಕೂಡ ತಡವಾಗಿಲ್ಲ. ನಿಜ ಹೇಳುತ್ತೇನೆ, ಸ್ವಲ್ಪ ಬೇಜಾರೇ ಆಯಿತು. ನಾನಿಲ್ಲದೆ ನಡೆಯಿತಲ್ಲ ಎಂದು.

ಆ ಬೇಜಾರು ಹೋಗಿದ್ದು ಮೇ 27ರಂದು.

46 ಪಂದ್ಯ ಮುಗಿದಾಗ ಲೂಟನ್ 80 ಅಂಕದೊಂದಿಗೆ ಮೂರನೇ ಸ್ಥಾನದಲ್ಲಿತ್ತು. ಮೊದಲ ಇಬ್ಬರು, ಬರ್ನ್ಲಿ ಮತ್ತು ಶೆಫೀಲ್ಡ್ ಯುನೈಟೆಡ್, ನೇರ ಮೇಲೆ. ಮೂರರಿಂದ ಆರನೇ ಸ್ಥಾನದವರಿಗೆ ಪ್ಲೇ-ಆಫ್, ಅದರಲ್ಲಿ ಒಬ್ಬರಿಗೇ ಅವಕಾಶ. ಪ್ಲೇ-ಆಫ್ ಸಂಕಟ ಏನೆಂದು ಆರ್‌ಸಿಬಿ ಅಭಿಮಾನಿಗಳಿಗೆ ಹೇಳಬೇಕಾಗಿಲ್ಲ. ಸೆಮಿಫೈನಲ್‌ನಲ್ಲಿ ಎರಡು ಪಂದ್ಯದ ಗೋಲು ಕೂಡಿಸುತ್ತಾರೆ. ಸಂಡರ್‌ಲ್ಯಾಂಡ್ ಎದುರು ಅವರ ಊರಿನಲ್ಲಿ 2-1ರಿಂದ ಸೋತು, ಮೇ 16ರಂದು ಇಲ್ಲಿ 2-0ಯಿಂದ ಗೆದ್ದರು. ಎರಡೂ ಗೋಲು ಡಿಫೆಂಡರ್‌ಗಳದು, ಗೇಬ್ರಿಯಲ್ ಓಶೋ ಮತ್ತು ನಾಯಕ ಟಾಮ್ ಲಾಕಿಯರ್. ನಾನು ಮನೆಯಲ್ಲಿ ಶಿಫ್ಟ್‌ಗೆ ಡಬ್ಬಿ ಕಟ್ಟಿಕೊಳ್ಳುತ್ತಿದ್ದೆ. ಟಿವಿಗಿಂತ ಮೊದಲೇ ಕಿಟಕಿ ಗೋಲು ಹೇಳಿತು.

ವೆಂಬ್ಲಿಯಲ್ಲಿ ಫೈನಲ್, ಎದುರಾಳಿ ಕವೆಂಟ್ರಿ ಸಿಟಿ. ಹತ್ತು ನಿಮಿಷವೂ ಆಗಿರಲಿಲ್ಲ, ಲಾಕಿಯರ್ ಕುಸಿದು ಬಿದ್ದರು. ಯಾರೂ ತಾಗಿರಲಿಲ್ಲ, ತಾನಾಗಿಯೇ ಬಿದ್ದರು. ಹೃದಯದ ತೊಂದರೆ. ಅವರನ್ನು ಆಸ್ಪತ್ರೆಗೆ ಒಯ್ದರು. ಹಿಂಬದಿಯ ಮೂವರಲ್ಲಿ ನಡುವಿನವನು, ನಾಯಕ, ಇಡೀ ತಂಡಕ್ಕೆ ಕೂಗಿ ಹೇಳುವವನು ಮೈದಾನದಿಂದ ಹೊರಗೆ ಹೋದ. ಇನ್ನು ಕಥೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. 23ನೇ ನಿಮಿಷದಲ್ಲಿ ಅಡಬಾಯೊ ಎಡಗಡೆಯಿಂದ ನುಗ್ಗಿ ಕೊಟ್ಟ ಚೆಂಡನ್ನು ಜೋರ್ಡನ್ ಕ್ಲಾರ್ಕ್ ಒಳಗೆ ಹೊಡೆದರು. ದ್ವಿತೀಯಾರ್ಧದಲ್ಲಿ ಕವೆಂಟ್ರಿಯ ಗುಸ್ಟಾವೊ ಹಾಮರ್ ಸಮ ಮಾಡಿದರು. ಹೆಚ್ಚುವರಿ ಸಮಯದ ಕೊನೆಯಲ್ಲಿ ಲೂಟನ್ ಹೊಡೆದ ಗೋಲನ್ನು ಚೆಂಡು ಕೈಗೆ ತಾಗಿದೆ ಎಂದು ರದ್ದು ಮಾಡಿದರು. ಕೊನೆಗೆ ಪೆನಾಲ್ಟಿ. ಲೂಟನ್‌ನ ಆರಕ್ಕೆ ಆರೂ ಒಳಗೆ. ಕವೆಂಟ್ರಿಯ ಆರನೆಯದು ಗೋಲುಕಂಬದ ಮೇಲೆ ಹಾರಿತು. 6-5.

ತಮ್ಮ ಸ್ಥಾನದ ಕೆಲಸ ಪ್ರತಿಯೊಬ್ಬನಿಗೂ ಕರಗತವಾಗಿತ್ತು, ನಾಯಕ ಹೋದರೂ ಸಾಲು ಕದಲಲಿಲ್ಲ. ನನ್ನ ಫೋನ್ ಹತ್ತು ದಿನ ಸುಮ್ಮನಿದ್ದದ್ದು ಆಗ ಬೇರೆ ಥರ ಕಂಡಿತು. ಆ ರಾತ್ರಿ ಇನ್ನೊಂದು ಹೆಸರು ಎಲ್ಲರ ಬಾಯಲ್ಲೂ ಇತ್ತು, ಪೆಲ್ಲಿ ರಡಕ್ ಎಂಪಾಂಝು. ಐದನೇ ದರ್ಜೆಯಲ್ಲಿದ್ದಾಗ ಲೂಟನ್‌ಗೆ ಬಂದ ಆಟಗಾರ. ಅದೇ ಕ್ಲಬ್ ಜೊತೆ ಒಂದೊಂದೇ ದರ್ಜೆ ಹತ್ತಿ ಪ್ರೀಮಿಯರ್ ಲೀಗ್ ತಲುಪಿದರು. ಅಂಥದ್ದು ಮಾಡಿದ ಮೊದಲಿಗರು ಅವರು. ಎಷ್ಟು ಮ್ಯಾನೇಜರ್‌ಗಳು ಬಂದು ಹೋದರು, ಇವರನ್ನು ಯಾರೂ ಬೋರ್ಡಿನಿಂದ ಒರೆಸಿರಲಿಲ್ಲ.

ಅಂದು ರಾತ್ರಿ ಹತ್ತಕ್ಕೆ ಶಿಫ್ಟ್. ಅರ್ಧ ಜನ ಮೊದಲೇ ರಜೆ ಹಾಕಿದ್ದರು, ಬಂದವರಲ್ಲಿ ನಾಲ್ವರ ಕುತ್ತಿಗೆಯಲ್ಲಿ ಕಿತ್ತಳೆ ಬಣ್ಣದ ಸ್ಕಾರ್ಫ್. ಸುರಕ್ಷತಾ ನಿಯಮದ ಪ್ರಕಾರ ಸ್ಕಾರ್ಫ್ ತೆಗೆಸಬೇಕಿತ್ತು. ತೆಗೆಸಿದೆ, ಮನಸ್ಸಿಲ್ಲದೆ.

ಅಜ್ಜ ಬಂದಿದ್ದು ಮಂಗಳವಾರ ರಾತ್ರಿ. ಶನಿವಾರ ವೆಂಬ್ಲಿ, ಸೋಮವಾರ ಊರಲ್ಲಿ ಬಸ್ಸಿನ ಮೇಲೆ ಆಟಗಾರರ ಮೆರವಣಿಗೆ. ಅವರ ಗಂಟಲು ಪೂರ್ತಿ ಹೋಗಿತ್ತು, 'ಮೇಟ್' ಅನ್ನಲೂ ಆಗುತ್ತಿರಲಿಲ್ಲ. ಫೋರ್ಕ್‌ಲಿಫ್ಟ್ ನಿಲ್ಲಿಸಿ, ಮಾರ್ಕರ್ ಕೊಡು ಎಂದು ಕೈ ಚಾಚಿದರು. ಬೋರ್ಡಿನ ಮೂಲೆಯಲ್ಲಿ, ಟ್ರೇಲರ್ ಪಟ್ಟಿಯ ಪಕ್ಕ, ದಪ್ಪಗೆ 'ಪ್ರೀಮಿಯರ್ ಲೀಗ್' ಎಂದು ಬರೆದರು. ಅಲ್ಲಿ ಬರೆಯಲು ನನಗೆ ಜಾಗ ಬೇಕಿತ್ತು. ಆದರೂ ನಾನು ಅದನ್ನು ಒರೆಸಲಿಲ್ಲ. ಮುಂದಿನ ಮೇ ತಿಂಗಳಲ್ಲಿ ಲೂಟನ್ 18ನೇ ಸ್ಥಾನಕ್ಕೆ ಇಳಿದು ವಾಪಸ್ ಚಾಂಪಿಯನ್‌ಶಿಪ್‌ಗೆ ಬಿತ್ತು. ಆಗ ಅಜ್ಜನೇ ಬಂದು, ಡಸ್ಟರ್ ಬೇಡ ಎಂದು, ತಮ್ಮ ತೋಳಿನಿಂದ ಒರೆಸಿದರು.